ಹೆಪ್ಪು ಹಾಕಿದ ಹಾಲು ಕಲಬೆರಕೆಯೇ?

ಗುಣಮಟ್ಟ ಪರೀಕ್ಷಾಧಿಕಾರಿಯಾದ ಮಾನ್ಯರೇ,

ನನ್ನ ಸೊಸೆ ಪ್ರಯೋಗಾಲಯದಲ್ಲಿ ಮಾಡಿದ ಅನಿಲ ಸೋರಿಕೆಯ ಎಚ್ಚರಿಕೆ ಯಂತ್ರವನ್ನು ನೀವು ಶೈತ್ಯಾಗಾರದ ಗೋಡೆಯಿಂದ ಕೀಳಿಸಿದಿರಿ. ಅದರ ಅನುಮತಿಗೆ ಕೊಟ್ಟ ಅರ್ಜಿಯಲ್ಲಿ ‘ಕಲಬೆರಕೆ’ ಎಂಬ ಪದವಿತ್ತಂತೆ. ‘ಶುದ್ಧ ವಸ್ತುವನ್ನು ಮಾತ್ರ ಬಳಸತಕ್ಕದ್ದು’ ಎಂದು ಷರಾ ಬರೆದು, ಶುದ್ಧ ಪದರದ ಯಂತ್ರವನ್ನು ಕೂರಿಸಿದಿರಿ. ನಿಮ್ಮ ಮಡಿಗೆ ದೊಡ್ಡ ನಮಸ್ಕಾರ. ಆ ಗೋಡೆಯ ಪಕ್ಕದಲ್ಲಿ ದಿನಕ್ಕೆ ಎಂಟು ಗಂಟೆ ಒಬ್ಬನೇ, ಶೈತ್ಯಾಗಾರವನ್ನು ತಂಪಾಗಿಡುವ ಅಮೋನಿಯಾ ಪಂಪು ನೋಡಿಕೊಳ್ಳುವವನು ನನ್ನ ಮಗ. ಆರು ವರ್ಷದ ಹಿಂದಿನ ಸೋರಿಕೆಯಲ್ಲಿ ಅವನ ಮೂಗು ಸತ್ತುಹೋಗಿದೆ. ಯಾವ ವಾಸನೆಯೂ ತಿಳಿಯುವುದಿಲ್ಲ.

ನಾನು ಓದಿದ್ದು ಹೈಸ್ಕೂಲು. ಆದರೂ ಸೊಸೆಯ ಬೆನ್ನುಹತ್ತಿ ಇದನ್ನು ತಿಳಿದುಕೊಂಡೆ; ಪದವೀಧರರಾದ ನಿಮಗೆ ಕಷ್ಟವಾಗಲಾರದು. ಕಾದ ಗಾಜಿನ ಮೇಲೆ ದ್ರಾವಣ ಸಿಂಪಡಿಸಿದರೆ ಸತುವಿನ ಆಕ್ಸೈಡಿನ ಪದರ ಕೂರುತ್ತದೆ, ಕೂದಲಿಗಿಂತ ನೂರು ಪಟ್ಟು ತೆಳು. ಅದು ಅರೆವಾಹಕ. ಶುದ್ಧವಾಗಿದ್ದರೆ ವಿದ್ಯುತ್ತನ್ನು ಒಲ್ಲದ ಮನಸ್ಸಿನಿಂದ ಹರಿಯಬಿಡುತ್ತದೆ. ಅನಿಲ ತಾಗಿದಾಗ ಆ ಹರಿವು ಬದಲಾಗುವುದೇ ಎಚ್ಚರಿಕೆ; ಶುದ್ಧ ಪದರಕ್ಕೆ ಸ್ವಲ್ಪ ಅನಿಲ ತಾಗಿದರೆ ಮಾಪಕದ ಮುಳ್ಳು ಅಲುಗುವುದೂ ಇಲ್ಲ. ಸತುವಿನ ನೂರು ಪರಮಾಣುಗಳಲ್ಲಿ ಎರಡನ್ನು ಬಿಡಿಸಿ, ಆ ಜಾಗದಲ್ಲಿ ಅಲ್ಯೂಮಿನಿಯಂ ಕೂರಿಸಿ. ಒಂದೊಂದೂ ಒಂದು ಎಲೆಕ್ಟ್ರಾನನ್ನು ಹೆಚ್ಚುವರಿಯಾಗಿ ತರುತ್ತದೆ. ನೋಡಲು ಅದೇ ತಿಳಿ ಪದರ. ಆದರೆ ಈಗ ಒಂದಿಷ್ಟು ಅನಿಲಕ್ಕೂ ಮುಳ್ಳು ಎಗರುತ್ತದೆ. ಐದು ಕೂರಿಸಿದರೆ ಮತ್ತೆ ಮಂಕು. ಹಾಲಿಗೆ ನೀರು ಹಾಕುವುದು ಕಲಬೆರಕೆ, ಒಪ್ಪಿದೆ. ಹೆಪ್ಪು ಹಾಕುವುದೂ ಕಲಬೆರಕೆಯೇ? ಹೆಚ್ಚಾದರೆ ಹುಳಿ ನಿಜ. ಹಾಕದೇ ಇಟ್ಟ ಹಾಲು ಎಷ್ಟು ದಿನ ಶುದ್ಧವಾಗಿರುತ್ತದೆ?

ಕಳೆದ ಮಂಗಳವಾರ ಅಮೋನಿಯಾ ಸೋರಿತು. ನಿಮ್ಮ ಶುದ್ಧ ಯಂತ್ರಕ್ಕೆ ಮೌನವ್ರತ. ಬಾಗಿಲ ಮುಂದೆ ಹೋಗುತ್ತಿದ್ದ ಹಮಾಲಿ ಕೆಮ್ಮುತ್ತ ಕೂಗಿದನಂತೆ: “ಅಣ್ಣಾ, ಹೊರಗೆ ಬಾರೋ! ಮೂಗಿಗೇನು ಬೀಗ ಹಾಕ್ಕೊಂಡಿದೀಯಾ?” ಮಗ ಮನೆಗೆ ಬಂದಾಗ ಕಣ್ಣು ಕೆಂಡದಂತಿತ್ತು. “ಏನಿಲ್ಲಮ್ಮ, ಒಂದು ಮೂಟೆ ಈರುಳ್ಳಿ ಹೆಚ್ಚಿದ ಹಾಗಾಯ್ತು ಅಷ್ಟೆ” ಎಂದು ನಕ್ಕ. ಸೊಸೆ ನಗಲಿಲ್ಲ.

ಮರುದಿನ ನಿಮ್ಮ ಕಚೇರಿಗೆ ಬಂದೆ. ನಿಮ್ಮ ಗುಮಾಸ್ತ ಹೇಳಿದ: “ಕಲಬೆರಕೆ ಅಂತ ನೀವೇ ಬರ್ಕೊಟ್ಟಿದೀರಲ್ಲ ಅಜ್ಜಿ, ನಾವೇನು ಮಾಡೋಣ?”

ಹೌದು. ಆ ಪದ ನನ್ನದು. “ಅತ್ತೆ, ಹೀಗೆ ಅಲ್ಯೂಮಿನಿಯಂ ಸೇರಿಸೋ ಡೋಪಿಂಗ್‌ಗೆ ಕನ್ನಡದಲ್ಲಿ ಏನಂತ ಬರೀಲಿ?” ಎಂದು ಸೊಸೆ ಕೇಳಿದ್ದಳು. “ಒಂದರಲ್ಲಿ ಇನ್ನೊಂದು ಬೆರೆಸಿದ್ರೆ ಕಲಬೆರಕೆ ಕಣೇ. ಇಷ್ಟು ಓದಿ ಇದೂ ಗೊತ್ತಿಲ್ವಾ?” ಎಂದು ಪೆನ್ನು ಕಿತ್ತುಕೊಂಡು ನಾನೇ ದುಂಡಗೆ ಬರೆದೆ. ಆ ಪದದ ಬಗ್ಗೆ ಅವಳು ಇವತ್ತಿನವರೆಗೂ ನನಗೆ ಒಂದು ಮಾತು ಆಡಿಲ್ಲ. ಆಡಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

ಮನೆಯಲ್ಲಿ ಯಾರ ಮುಂದೆಯೂ ತಪ್ಪೊಪ್ಪಿದವಳಲ್ಲ ನಾನು. ಈಗ ಪತ್ರಿಕೆಯಲ್ಲಿ ಊರೆಲ್ಲ ಓದಲಿ: ತಪ್ಪಾಯಿತು. ಆ ಪದವನ್ನು ಹೊಡೆದುಹಾಕಿ. ಶಿಕ್ಷೆಯೇನಿದ್ದರೂ ನನಗಿರಲಿ. ಹಳೆಯ ಯಂತ್ರವನ್ನು ಗೋಡೆಗೆ ಮರಳಿಸಿ. ಅಲ್ಲಿಯವರೆಗೆ ದಿನವೂ ಪಂಪಿನ ಕೋಣೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ನಾನೇ ಕೂತಿರುತ್ತೇನೆ. ನನ್ನ ಮೂಗು ಇನ್ನೂ ಸರಿಯಿದೆ.

ಇಂತಿ,
ಅಕ್ಷರ ದುಂಡಗಿದ್ದೂ ಪದ ತಪ್ಪಿದವಳು