ತಲೆ ವಾಲಿದ್ದು ಒಪ್ಪಿಗೆಯಲ್ಲ, ಅಧ್ಯಕ್ಷರೇ

ಜಿಲ್ಲಾ ವೈದ್ಯಕೀಯ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಹೆಂಡತಿ ವೆನೆತಾ ಸಾಯಲು ಹೊರಟಿರಲಿಲ್ಲ. ಹೊರಟಿದ್ದಳೆಂದು ನಿಮ್ಮ ಕಡತ ಹೇಳುತ್ತದೆ. ಆ ಕಡತ ತೋರಿಸಿ ನೀವು ಅವಳ ಮಾತ್ರೆ ನಿಲ್ಲಿಸಿದ್ದೀರಿ. ಮಾತ್ರೆ ನಿಂತರೆ ಅವಳು ನಿಜವಾಗಿಯೂ ಸಾಯುತ್ತಾಳೆ, ಆಗ ನಿಮ್ಮ ಕಡತ ಸರಿಹೋಗುತ್ತದೆ. ಇಂಥ ಅಚ್ಚುಕಟ್ಟಾದ ಕೆಲಸ ಡ್ಯಾನ್ಯೂಬ್ ದಂಡೆಯ ಈ ಊರಿನಲ್ಲಿ ನಿಮ್ಮ ಕಚೇರಿಗಲ್ಲದೆ ಇನ್ಯಾರಿಗೆ ಸಾಧ್ಯ?

ನಾನು ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ ಮಾಡಿದವನು. ಲಿಫ್ಟ್ ಕೆಟ್ಟು ನಿಂತರೆ, ಅದು ಸ್ವಂತ ಇಚ್ಛೆಯಿಂದ ನಿಂತಿತು ಎಂದು ಬರೆದು ಮನೆಗೆ ಹೋಗುವ ವಿದ್ಯೆ ನನಗೆ ಯಾರೂ ಕಲಿಸಲಿಲ್ಲ. ಕಲಿಸಿದ್ದರೆ ನಾನೂ ಯಾವುದಾದರೂ ಸಮಿತಿಗೆ ಅಧ್ಯಕ್ಷನಾಗಿರುತ್ತಿದ್ದೆ.

ಮೇ ತಿಂಗಳಲ್ಲಿ ಅವಳ ಎಡಗಣ್ಣಿನ ರೆಪ್ಪೆ ಜೋತುಬಿತ್ತು. ಬೆಳಿಗ್ಗೆ ಸರಿಯಾಗಿರುತ್ತಿತ್ತು, ಸಂಜೆಯ ಹೊತ್ತಿಗೆ ಇಳಿಯುತ್ತಿತ್ತು. “ನನ್ನ ರೆಪ್ಪೆಗೂ ನಿನ್ನ ಲಿಫ್ಟಿನ ರೋಗ ಬಂತು ಕಣೋ, ಜಖಾರಿ” ಎಂದು ನಕ್ಕಳು. ಆಮೇಲೆ ಮೊಸರು–ಸೌತೆಕಾಯಿಯ ತಣ್ಣನೆ ಸಾರು ಗಂಟಲಲ್ಲಿ ಇಳಿಯದೆ ಮೂಗಿನಿಂದ ಬಂತು. ಆಗ ಇಬ್ಬರೂ ನಗಲಿಲ್ಲ. ಕಣ್ಣಿನ ಡಾಕ್ಟರು ಹಲ್ಲಿನವರ ಬಳಿ ಕಳಿಸಿದರು, ಹಲ್ಲಿನವರು ನರದವರ ಬಳಿ. ನರದವರು ವಯಸ್ಸು ಕೇಳಿ, “ಐವತ್ತೆರಡಾ? ಹೆಂಗಸ್ರಿಗೆ ಈ ವಯಸ್ಸಲ್ಲಿ ಇದೆಲ್ಲ ಇದ್ದದ್ದೇ ಬಿಡಿ” ಎಂದರು. ಅವರೂ ಡಾಕ್ಟರೇ, ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ಪ್ರಮಾಣಪತ್ರವಿತ್ತು.

ಜುಲೈ ಹನ್ನೊಂದರ ಸಂಜೆ ಅವಳಿಗೆ ಉಸಿರು ಸಾಲದಾಯಿತು. ತುರ್ತು ವಿಭಾಗಕ್ಕೆ ಒಯ್ದೆ. ಮಾತು ಹೊರಡುತ್ತಿಲ್ಲ, ಕಣ್ಣು ತೆರೆಯುತ್ತಿಲ್ಲ. “ಏನಮ್ಮಾ, ನಿದ್ದೆ ಮಾತ್ರೆ ನುಂಗಿದ್ರಾ?” ಎಂದರು ಡಾಕ್ಟರು. ನಮ್ಮಲ್ಲಿ ಇಲ್ಲ ಅನ್ನಲು ತಲೆಯನ್ನು ಮೇಲಕ್ಕೆತ್ತುತ್ತೇವೆ, ಹೌದು ಅನ್ನಲು ಅಡ್ಡಡ್ಡ ಆಡಿಸುತ್ತೇವೆ. ವೆನೆತಾ ಇಲ್ಲ ಅನ್ನಲು ತಲೆ ಎತ್ತಿದಳು. ಎತ್ತಲು ಕೊರಳಲ್ಲಿ ಶಕ್ತಿ ಇರಬೇಕಲ್ಲ? ಅದು ಎಡಕ್ಕೆ ಬಿತ್ತು, ಬಲಕ್ಕೆ ವಾಲಿತು.

“ಹೌದಂತೆ, ಬರ್ಕೊಳ್ಳಿ” ಎಂದರು ನರ್ಸಿಗೆ. “ಬೇಕಂತಲೇ ನುಂಗಿದ್ರಾ?” ತಲೆ ಮತ್ತೆ ಎಡಕ್ಕೆ, ಬಲಕ್ಕೆ.

“ಅಯ್ಯೋ ಡಾಕ್ಟ್ರೇ, ಅದು ಅವಳು ಆಡಿಸಿದ್ದಲ್ಲ, ತಾನಾಗೇ ಬಿದ್ದದ್ದು!” ಎಂದು ಕೂಗಿದೆ.

“ಎಲ್ಲಾ ಗಂಡಂದ್ರೂ ಹಿಂಗೇ ಹೇಳೋದು. ಮನೇಲಿ ಏನು ಜಗಳ ಮಾಡಿದ್ರಿ, ಅದನ್ನ ಹೇಳಿ.”

ಹೊಟ್ಟೆ ತೊಳೆದರು. ಒಂದು ಮಾತ್ರೆಯೂ ಸಿಗಲಿಲ್ಲ, ಆದರೂ ಬರೆದದ್ದು ಬರೆದದ್ದೇ. ಮೂರು ವಾರ ಮಾನಸಿಕ ವಿಭಾಗದಲ್ಲಿಟ್ಟು, ಉಸಿರಿಗೇ ಕಷ್ಟಪಡುತ್ತಿದ್ದವಳಿಗೆ ಮಂಪರಿನ ಔಷಧ ಕೊಟ್ಟರು. ನಾನು ಕಿಟಕಿಯಾಚೆ ನಿಂತು ಅವಳ ಎದೆ ಏರುತ್ತಿದೆಯೇ ಎಂದು ನೋಡುತ್ತಿದ್ದೆ. ಈಗಲೂ ರಾತ್ರಿ ಎದ್ದು ಕೂತು ಅದನ್ನೇ ನೋಡುತ್ತೇನೆ.

ಕೊನೆಗೆ ಪಕ್ಕದ ಜಿಲ್ಲೆಯ ಮುದುಕಿ ಡಾಕ್ಟರೊಬ್ಬರು ಅವಳ ರೆಪ್ಪೆಯ ಮೇಲೆ ಎರಡು ನಿಮಿಷ ಮಂಜುಗಡ್ಡೆ ಇಟ್ಟರು. ರೆಪ್ಪೆ ಮೇಲೆದ್ದಿತು. “ಸ್ನಾಯುಗಳಿಗೆ ನರದ ಮಾತು ತಲುಪ್ತಿಲ್ಲ ಮಗಳೇ, ನಿನ್ನ ತಲೆ ಕೆಟ್ಟಿಲ್ಲ” ಎಂದರು. ರಕ್ತ ಪರೀಕ್ಷೆಯೂ ಅದನ್ನೇ ಹೇಳಿತು. ವೆನೆತಾ ಅವರ ಕೈ ಹಿಡಿದು ಅತ್ತಳು. ಒಂದು ತಿಂಗಳ ಮಾತ್ರೆ ಕೊಟ್ಟರು. ನಾಲ್ಕನೇ ದಿನ ಅವಳೇ ದಪ್ಪ ಮೆಣಸಿನಕಾಯಿ ಸುಟ್ಟು ಸಿಪ್ಪೆ ಸುಲಿದಳು. ಮುಂದಿನ ಮಾತ್ರೆಗೆ ನಿಮ್ಮ ಸಮಿತಿಯ ಒಪ್ಪಿಗೆ ಬೇಕು.

ನೀವು ಬರೆದಿರಿ: “ಮಾತ್ರೆ ನುಂಗಿ ಆತ್ಮಹತ್ಯೆಗೆ ಯತ್ನಿಸಿದ್ದಾಗಿ ರೋಗಿಯೇ ಒಪ್ಪಿಕೊಂಡಿರುವುದರಿಂದ, ಮನೆಯಲ್ಲಿ ಸೇವಿಸಲು ಮಾತ್ರೆ ನೀಡಲಾಗದು.” ಇದನ್ನು ಬರೆಯುವಾಗ ನಿಮ್ಮ ಪಕ್ಕದಲ್ಲಿ ಓದು ಬರುವವರು ಯಾರೂ ಇರಲಿಲ್ಲವೇ? ರಕ್ತ ಪರೀಕ್ಷೆಯ ವರದಿ ಅದೇ ಕಡತದ ಮುಂದಿನ ಹಾಳೆಯಲ್ಲಿದೆ. ಹಾಳೆ ತಿರುವಲು ಬೆರಳಿಗೆ ಎಂಜಲು ಸಾಲದಾಯಿತೇ? ನನ್ನ ಹೆಂಡತಿಯ ಸ್ನಾಯುಗಳಿಗೆ ಕಾಯಿಲೆಯ ನೆಪವಾದರೂ ಇದೆ, ನಿಮ್ಮವಕ್ಕೆ ಏನಾಗಿದೆ? ನಿಮ್ಮ ಕಚೇರಿಯ ಅರ್ಜಿ ಕಿಟಕಿಯಲ್ಲಿ ಕೂತ ಹೆಂಗಸು ನನಗೆ, “ಅರ್ಜಿ ಕೊಡಿ ತಾತಾ, ಮುಂದಿನ ಸಭೇಲಿ ಇಡ್ತೀವಿ” ಎಂದಳು. ಸಭೆಗೆ ಇನ್ನೂ ಇಪ್ಪತ್ತಮೂರು ದಿನ. ಅರ್ಧರ್ಧ ಮಾಡಿ ಕೊಟ್ಟರೂ ಮಾತ್ರೆ ಒಂಬತ್ತೇ ದಿನಕ್ಕಿವೆ.

ಆದ್ದರಿಂದ ನಾನು ಬೇಡುತ್ತಿಲ್ಲ, ಹೇಳುತ್ತಿದ್ದೇನೆ. ಈ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ವೆನೆತಾಳನ್ನು ನಿಮ್ಮ ಮೇಜಿನ ಮುಂದೆ ಕೂರಿಸುತ್ತೇನೆ. ಬೆಳಗಿನ ಮಾತ್ರೆಯ ಬಲದಲ್ಲಿ ಅವಳಿಗೆ ಒಂದು ಗಂಟೆ ಮಾತು ಬರುತ್ತದೆ. ಅದೇ ಪ್ರಶ್ನೆ ಕೇಳಿ, ಉತ್ತರವನ್ನು ಅವಳ ಬಾಯಿಂದ ಕೇಳಿ, ಆ ಸಾಲನ್ನು ಅವಳೆದುರೇ ಹೊಡೆದುಹಾಕಿ, ಅಲ್ಲೇ ಸಹಿ ಮಾಡಿ.

ಇನ್ನೂ ಬರೆಯುವುದಿತ್ತು. ಓದಿ ಹೇಳಿದಾಗ ಅವಳು, “ಸಾಕು ನಿಲ್ಸೋ, ಸಹಿ ಹಾಕೋ ಕೈ ಅವ್ರದ್ದು, ಉಸಿರು ನಂದು” ಎಂದಳು. ನಿಲ್ಲಿಸಿದ್ದೇನೆ.

ಇಂತಿ,
ಎಡಗೈಯಲ್ಲಿ ಹೆಂಡತಿಯ ಗದ್ದ ಎತ್ತಿ ಹಿಡಿದುಕೊಂಡು ಬಲಗೈಯಲ್ಲಿ ಇದನ್ನು ಬರೆದ
ಜಖಾರಿ ಪೆಂಕೋವ್