ಜಿ ಅಕ್ಷರದವರೆಗೆ

೧೯೨೧ ಸೆಪ್ಟೆಂಬರ್ ೧೯, ಸೋಮವಾರ

ನಾಲ್ಕೂವರೆಗೆ ಒಲೆ ಹಚ್ಚಿದೆ. ಓಟ್ಸ್ ಗಂಜಿ ಎರಡು ಹಂಡೆ, ಬೇಕನ್, ಕಾಫಿ. ಬರ್ತಾ ಇವತ್ತೂ ತಡ. ಹಲ್ಲುನೋವಂತೆ. ಅವಳ ಬಾಯಲ್ಲಿ ಎಷ್ಟು ಹಲ್ಲಿವೆಯೋ, ಹೋದ ತಿಂಗಳಿಂದ ದಿನಕ್ಕೊಂದು ನೋಯುತ್ತಿದೆ. ತರಕಾರಿ ಹೆಚ್ಚಲು ಬೇರೆ ಯಾರನ್ನಾದರೂ ಕೊಡಿ ಎಂದರೆ ಆಫೀಸಿನವರಿಗೆ ಕಿವಿ ಇಲ್ಲ.

ಆರಕ್ಕೆ ಕಹಳೆ. ಮೈದಾನದಲ್ಲಿ ಎಡ-ಬಲ, ಎಡ-ಬಲ. ಕೃಷಿ ಕಾಲೇಜು ಇದು. ಜೋಳದ ತಳಿ, ಹಸುವಿನ ಕೆಚ್ಚಲುಬಾವು ಕಲಿಯಲು ಬಂದ ಮಕ್ಕಳು. ಸರ್ಕಾರ ಜಮೀನು ಕೊಟ್ಟಿದೆ, ಅದಕ್ಕಾಗಿ ಎರಡು ವರ್ಷ ಕವಾಯತು ಕಡ್ಡಾಯ. ಹನ್ನೊಂದು ವರ್ಷದಿಂದ ಈ ಅಡುಗೆಮನೆಯಲ್ಲಿದ್ದೇನೆ. ಕವಾಯತಿನಿಂದ ಹುಡುಗರು ಎರಡು ಬಟ್ಟಲು ಗಂಜಿ ಜಾಸ್ತಿ ತಿನ್ನುತ್ತಾರೆ. ಬೇರೆ ಪ್ರಯೋಜನ ನಾನಂತೂ ಕಂಡಿಲ್ಲ.

ಹೊಸ ಸ್ಮಾರಕ ಭವನಕ್ಕೆ ಕಲ್ಲಿನ ಚಪ್ಪಡಿಗಳು ಬಂದಿಳಿದವು. ಯುದ್ಧದಲ್ಲಿ ಹೋದ ಕಾಲೇಜಿನ ಹುಡುಗರ ಹೆಸರು ಕೆತ್ತುತ್ತಾರೆ. ನವೆಂಬರ್ ಹನ್ನೊಂದಕ್ಕೆ ಉದ್ಘಾಟನೆ. ಗವರ್ನರ್ ಬರುತ್ತಾರಂತೆ. ನಾನೂರೈವತ್ತು ಜನರ ಊಟ ನನ್ನ ತಲೆಗೆ ಕಟ್ಟಿದ್ದಾರೆ. ಇರಲಿ. ಇದೊಂದು ಊಟ ಮನಸ್ಸಿಟ್ಟು ಮಾಡುತ್ತೇನೆ. ನನ್ನ ಮಗ ಸಿವರ್ಟನ ಹೆಸರೂ ಆ ಗೋಡೆಯ ಮೇಲೆ ಬರುತ್ತದಲ್ಲ.

ಸೆಪ್ಟೆಂಬರ್ ೨೬

ಪಟ್ಟಿ ಅಂಟಿಸಿದ್ದಾರೆ. ಮೂವತ್ತೆಂಟು ಹೆಸರು. ಮೂರು ಸಲ ಓದಿದೆ. ಹಿಗಿನ್ಸ್ ಆದ ಮೇಲೆ ಜಾನ್ಸನ್. ನಡುವೆ ನಮ್ಮ ಹೋವ್ಲಾಂಡ್ ಇಲ್ಲ.

ಬೆರಳಿಟ್ಟು ಇನ್ನೊಂದು ಸಲ ಓದಿದೆ. ಇಲ್ಲ.

ಮಧ್ಯಾಹ್ನದ ಸಾರು ತಳ ಹಿಡಿಯಿತು. ಹಿಡಿಯಲಿ.

ಸೆಪ್ಟೆಂಬರ್ ೨೭

ಮೇಜರ್ ಸ್ಟ್ರೌಡ್ ಹತ್ತಿರ ಹೋಗಿದ್ದೆ. ಕವಾಯತು ಕಲಿಸುವ ಮನುಷ್ಯ, ಸ್ಮಾರಕ ಸಮಿತಿಯ ಕಾರ್ಯದರ್ಶಿಯೂ ಅವರೇ. ಕುರ್ಚಿ ಎಳೆದು ಕೂರಿಸಿದರು. ಬೆಣ್ಣೆಯಂಥ ಮಾತು. ಕೇಳಿ ಬಂದಾಗಿನಿಂದ ಮೈಯೆಲ್ಲ ಉರಿಯುತ್ತಿದೆ.

ಅವರು ಹೇಳಿದ್ದನ್ನು ಬರೆದಿಡುತ್ತೇನೆ. ನಾಳೆ ನಾನೇ ನಂಬದೆ ಹೋದೇನು.

೧೯೧೮ರ ಅಕ್ಟೋಬರ್ ಒಂದು. ಯುದ್ಧಕ್ಕೆ ಜನ ಸಾಲದು ಅಂತ ಕಾಲೇಜಿನ ಹುಡುಗರನ್ನೆಲ್ಲ ಒಟ್ಟಿಗೇ ಸೈನ್ಯಕ್ಕೆ ತೆಗೆದುಕೊಂಡ ದಿನ. ಅದು ನನಗೆ ಅವರು ಹೇಳಬೇಕಾಗಿಲ್ಲ, ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಮುನ್ನೂರು ಹುಡುಗರು ಬಲಗೈ ಎತ್ತಿ ಪ್ರಮಾಣ ಮಾಡಿದರು. ಸಮವಸ್ತ್ರ ಬಂದಿರಲಿಲ್ಲ, ಹೊಲದ ಬಟ್ಟೆಯಲ್ಲೇ ನಿಂತಿದ್ದರು. ಕೈಯಲ್ಲಿ ಮರದ ಬಂದೂಕು. ಕಾಗದಕ್ಕೆ ಸಹಿ ಮಾತ್ರ ಅಕ್ಷರ ಕ್ರಮದಲ್ಲಿ, ದಿನಕ್ಕಿಷ್ಟು ಜನ ಅಂತ. ಮೂರು ದಿನದಲ್ಲಿ ಜಿ ಅಕ್ಷರದವರೆಗೆ ಆಯಿತು. ನಾಲ್ಕನೇ ದಿನ ಫ್ಲೂ. ಸಹಿ ಹಾಕಿಸುವ ಗುಮಾಸ್ತನೇ ಮಲಗಿದ. ಒಂಬತ್ತನೇ ತಾರೀಖು ನನ್ನ ಮಗ ಹೋದ.

ಈಗ ಸೈನ್ಯ ಹೇಳುತ್ತದೆ, ಕಾಗದವಿಲ್ಲ, ಅವನು ನಮ್ಮ ಸಿಪಾಯಿ ಅಲ್ಲ. ಕಾಲೇಜು ಹೇಳುತ್ತದೆ, ಅಕ್ಟೋಬರ್ ಒಂದಕ್ಕೇ ಸೈನ್ಯಕ್ಕೆ ಸೇರಿದ ಅಂತ ಹಾಜರಿ ಪುಸ್ತಕದಿಂದ ತೆಗೆದಿದ್ದೇವೆ, ಅವನು ನಮ್ಮ ವಿದ್ಯಾರ್ಥಿ ಅಲ್ಲ.

"ಹಾಗಾದ್ರೆ ನಿಮ್ಮ ಜಿಮ್ನಾಷಿಯಂ ನೆಲದ ಮೇಲೆ ಸತ್ತೋನು ಯಾರು ಮೇಜರ್? ದಾರಿಹೋಕನಾ?" ಅಂದೆ.

ನಿಯಮ ತಾವು ಮಾಡಿದ್ದಲ್ಲ ಎಂದರು. ಮಾಡಿದವರು ಯಾರೋ ಅವರಿಗೂ ಗೊತ್ತಿಲ್ಲ.

ಬ್ಯಾಕ್ಸ್‌ಟರ್, ಗ್ಯಾರಿಟಿ... ಇಬ್ಬರೂ ಅದೇ ನೆಲದ ಮೇಲೆ, ಅದೇ ಜ್ವರದಲ್ಲಿ ಹೋದವರು. ಅವರ ಹೆಸರು ಪಟ್ಟಿಯಲ್ಲಿದೆ. ಹಿಗಿನ್ಸ್, ಜಾನ್ಸನ್ ಥರದವರು ಮೊದಲೇ ಸೇರಿ ಯುದ್ಧದಲ್ಲೇ ಸತ್ತವರು, ಅವರ ಮಾತು ಬೇರೆ. ಹೋವ್ಲಾಂಡ್, ಕೋವಾರಿಕ್, ಪ್ರೂಯಿಟ್, ವಿಲ್ಕಾಕ್ಸ್. ನಾಲ್ವರದ್ದು ಇಲ್ಲ. ಜಿ ಅಕ್ಷರದವರೆಗೆ ಹುತಾತ್ಮರು. ಅಲ್ಲಿಂದ ಮುಂದೆ ಬರೀ ಜ್ವರದವರು. ಇವರ ಮನೆ ಹಾಳಾಗ.

ಅಕ್ಟೋಬರ್ ೧, ಶನಿವಾರ

ಮೂರು ವರ್ಷವಾಯಿತು.

ಹಾಸಿಗೆ ಸಾಲದೆ ಜಿಮ್ನಾಷಿಯಂ ನೆಲಕ್ಕೆ ಹುಲ್ಲು ಹಾಸಿದ್ದರು. ಮಲಗಿಸಿದ್ದೂ ಅಕ್ಷರ ಕ್ರಮದಲ್ಲೇ! ಸಿಪಾಯಿಗಳಲ್ಲವಂತೆ, ಸಾಯುವಾಗ ಸಾಲು ಮಾತ್ರ ತಪ್ಪಬಾರದಂತೆ. ಕಾಲೇಜಿನ ಗೇಟು ಮುಚ್ಚಿ ಕಾವಲು ಹಾಕಿದ್ದರು, ಯಾವ ತಾಯಿಯನ್ನೂ ಒಳಗೆ ಬಿಡಲಿಲ್ಲ. ಅಡುಗೆಯವಳು ಅಂತ ನಾನೊಬ್ಬಳು ಒಳಗಿದ್ದೆ. ಗಂಜಿ ಕುಡಿಸುತ್ತ ಸಾಲಿನಲ್ಲಿ ಹೋಗುತ್ತಿದ್ದೆ. ನನ್ನ ಮಗನ ಪಕ್ಕದಲ್ಲಿ ಕೋವಾರಿಕ್ ಹುಡುಗ. ಬೊಹೀಮಿಯಾದಿಂದ ವಲಸೆ ಬಂದವರ ಮನೆಯವನು. ಕೊನೆಗೆ ಅವನಿಗೆ ಇಂಗ್ಲಿಷೇ ಮರೆತುಹೋಯಿತು. ತನ್ನ ಭಾಷೆಯಲ್ಲಿ ಏನೋ ಕೇಳುತ್ತಿದ್ದ, ಒಂದೇ ಮಾತು, ಇಡೀ ದಿನ. ಏನಪ್ಪಾ, ನೀರಾ, ಹೊದಿಕೆಯಾ ಅಂದೆ. ಅಲ್ಲ ಅಂತ ತಲೆ ಆಡಿಸಿದ. ನನ್ನವನ ಕಡೆ ಹೊರಳಿದೆ.

ನೀವು ಭಾಗ್ಯವಂತೆ ರಾಗ್ನಾ, ಕಡೇ ಘಳಿಗೆಯಲ್ಲಿ ಜೊತೆಗಿದ್ದಿರಿ ಎಂದಳು ಬರ್ತಾ ಇವತ್ತು. ಕೈಯಲ್ಲಿ ಸೌಟಿತ್ತು. ಹೇಗೋ ತಡೆದುಕೊಂಡೆ.

ಅಕ್ಟೋಬರ್ ೧೪

ಕಾಲೇಜಿನ ಅಧ್ಯಕ್ಷರಿಗೆ ಬರೆದ ಪತ್ರಕ್ಕೆ ಉತ್ತರ. ನಾಲ್ಕೂ ಹೆಸರು ಬರೆದು ಕೇಳಿದ್ದೆ. "ತಮ್ಮ ತ್ಯಾಗ", "ಗಾಢ ಸಂತಾಪ", "ಪರಿಶೀಲಿಸಲಾಗುವುದು". ಮೂಗಿಗೆ ತುಪ್ಪ. ತ್ಯಾಗವಂತೆ! ನಾನೇನೂ ತ್ಯಾಗ ಮಾಡಲಿಲ್ಲ. ಹೈನುಗಾರಿಕೆ ಕಲಿ ಅಂತ ಕಳಿಸಿದೆ. ಇವರು ಕಳೆದರು.

ಕಲ್ಲುಕೆತ್ತುವವನು ಸಿ ಅಕ್ಷರಕ್ಕೆ ಬಂದಿದ್ದಾನೆ. ಟಕ್ ಟಕ್ ಅಡುಗೆಮನೆಯವರೆಗೆ ಕೇಳುತ್ತದೆ. ಕಿಟಕಿ ಮುಚ್ಚಿದರೂ ಕೇಳುತ್ತದೆ.

ನವೆಂಬರ್ ೨, ಬುಧವಾರ

ಆಫೀಸಿನವರಿಗೆ ಹೇಳಿಬಿಟ್ಟೆ. ನಾಲ್ಕು ಹೆಸರು ಗೋಡೆಗೆ ಬರಬೇಕು. ಇಲ್ಲದಿದ್ದರೆ ಹನ್ನೊಂದನೇ ತಾರೀಖು ಗವರ್ನರಿಗೆ ಮೇಜರೇ ಆಲೂಗಡ್ಡೆ ಸುಲಿಯಲಿ.

ಬರ್ತಾ ಬಾಯಿ ಬಿಟ್ಟುಕೊಂಡು ನಿಂತಳು. ಕೆಲಸ ಹೋಗುತ್ತದೆ ಎಂದಳು. ಹೋದರೆ ಹೋಗಲಿ. ಒಂಬತ್ತು ದಿನದಲ್ಲಿ ನಾನೂರೈವತ್ತು ಜನಕ್ಕೆ ಬೇಯಿಸುವವಳನ್ನು ಎಲ್ಲಿಂದ ಹಿಡಿದು ತರುತ್ತಾರೋ ನೋಡೇಬಿಡೋಣ. ಮನೆಗೆ ಬಂದು ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ನವೆಂಬರ್ ೩

ಮೇಜರ್ ತಾವೇ ಅಡುಗೆಮನೆಗೆ ಬಂದರು. ಟೋಪಿ ಕಂಕುಳಲ್ಲಿ. ಬರ್ತಾಳನ್ನು ಹೊರಗೆ ಕಳಿಸಿದರು.

ಒಂದು ಹೆಸರಿಗೆ ದಾರಿ ಇದೆಯಂತೆ. ಸಿವರ್ಟ್ ಹೋವ್ಲಾಂಡ್ ಸಹಿಗೆ ನಿಂತಿದ್ದನ್ನು ಕಂಡಿದ್ದೇನೆ ಅಂತ ತಾವೇ ಬರೆದುಕೊಡುತ್ತಾರಂತೆ. ಹಿಗಿನ್ಸ್ ಕೆಳಗೆ ಒಂದು ಸಾಲು ಹಿಡಿಸುತ್ತದೆ, ಕೆತ್ತುವವನನ್ನು ಕೇಳಿಯೂ ಆಗಿದೆ.

ಉಳಿದ ಮೂವರು?

"ಮಿಸೆಸ್ ಹೋವ್ಲಾಂಡ್, ಆ ಮೂವರನ್ನ ಕೇಳ್ಕೊಂಡು ಮೂರು ವರ್ಷದಲ್ಲಿ ಯಾರಾದ್ರೂ ಬಂದಿದಾರಾ? ನೀವು ಕೇಳ್ತಿದೀರಿ, ನಿಮ್ಮವನಿಗೆ ಕೊಡ್ತಿದೀವಿ. ನಾಲ್ಕೂ ಬೇಕು ಅಂದ್ರೆ ನಾಲ್ಕೂ ಇಲ್ಲ. ಯೋಚನೆ ಮಾಡಿ."

ಯೋಚನೆ ಮಾಡಲಿಲ್ಲ. ಹೂಂ ಎಂದೆ.

ಅವರ ಕೈ ಕುಲುಕಿದೆ ಬೇರೆ. ಹಿಟ್ಟಿನ ಕೈ. ಮೇಜರ್ ಕರವಸ್ತ್ರದಲ್ಲಿ ಒರೆಸಿಕೊಂಡು ಹೋದರು.

ಅದೇ ದಿನ, ಸಂಜೆ

ಇದರಲ್ಲಿ ತಪ್ಪೇನು? ಅವರವರ ಮಕ್ಕಳಿಗೆ ಅವರವರು ಜಗಳ ಆಡಬೇಕು. ನನಗೆ ಇದ್ದವನು ಒಬ್ಬ. ಗಂಡ ಹೋದಾಗ ಅವನಿಗೆ ನಾಲ್ಕು ವರ್ಷ, ಊರವರ ಎಂಜಲು ಪಾತ್ರೆ ತೊಳೆದು ಬೆಳೆಸಿದೆ. ಪ್ರೂಯಿಟ್ ತಾಯಿ ಒಂದು ಕಾಗದ ಬರೆದಳೇ? ಕೋವಾರಿಕ್ ಮನೆಯವರು ಎಲ್ಲಿದ್ದರು ಇಷ್ಟು ದಿನ? ಎಲ್ಲರ ಪರವಾಗಿ ಬಡಿದಾಡಲು ನನಗೇನು ಸಂಬಳ ಕೊಡುತ್ತಾರೆಯೇ?

ತಪ್ಪೇನಿಲ್ಲ. ಇಲ್ಲ.

ನವೆಂಬರ್ ೧೧, ಶುಕ್ರವಾರ. ಸಂಜೆ ಏಳು

ಗೋಮಾಂಸ ಬೆಳಗಿನ ಜಾವವೇ ಒಲೆಗೆ ಹಾಕಿದ್ದೆ. ಕುಂಬಳದ ಪೈ ಅರವತ್ತು. ಬರ್ತಾಳಿಗೆ ಒಪ್ಪಿಸಿ, ಏಪ್ರನ್ ಬಿಚ್ಚಿ, ಕಪ್ಪು ಕೋಟು ಹಾಕಿಕೊಂಡು ಹನ್ನೊಂದಕ್ಕೆ ಭವನಕ್ಕೆ ಹೋದೆ. ಒಳಗೆ ಗಂಡಸರೆಲ್ಲ ಬರಿತಲೆ. ಅಲ್ಲಿ ಟೋಪಿ ಹಾಕುವಂತಿಲ್ಲ ಅಂತ ಹೊಸ ಕಟ್ಟಳೆ. ಹಿಂದಿನ ಗೋಡೆಗೆ ಒರಗಿ ನಿಂತೆ.

ಆಮೇಲೆ ಹಾಜರಿ. ಕಾಲೇಜಿನ ಹಳೇ ಪದ್ಧತಿ, ಅಜ್ಜಂದಿರ ಕಾಲದ ಯುದ್ಧದಿಂದಲೂ ಇದೆ. ಸತ್ತವರ ಹೆಸರು ಕೂಗುತ್ತಾರೆ, ಸಾಲಿನಲ್ಲಿ ನಿಂತ ಮೂರನೇ ವರ್ಷದ ಹುಡುಗರು ಒಟ್ಟಿಗೆ ಹಾಜರ್ ಎನ್ನುತ್ತಾರೆ. ಮೇಜರ್ ಓದಿದರು. ಹಿಗಿನ್ಸ್. ಹಾಜರ್. ಹೋವ್ಲಾಂಡ್, ಸಿವರ್ಟ್. ಹಾಜರ್! ಮೂವತ್ತು ಗಂಟಲು. ಅಳು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಗೆದ್ದೆ ಅನ್ನಿಸಿತು. ನಿಜ ಹೇಳಬೇಕೆಂದರೆ ಬಹಳ ಖುಷಿಯಾಯಿತು.

ಎಲ್ಲ ಮುಗಿದು ಜನ ಊಟದ ಕಡೆ ಹೊರಟರು. ನಾನು ಗೋಡೆಯ ಹತ್ತಿರ ಹೋದೆ, ಮುಟ್ಟಿ ನೋಡೋಣ ಅಂತ. ಅಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ನನ್ನ ವಯಸ್ಸಿನವಳೇ. ತಲೆಗೆ ಹೂವಿನ ಬಟ್ಟೆ, ಮೇಲೆ ಗಂಡಸರ ಕೋಟು. ಕೈಯಲ್ಲಿ ಕಾಲೇಜಿನ ಆಮಂತ್ರಣ, ನಾಲ್ಕು ಮಡಿಕೆ ಮಾಡಿ ಹಿಡಿದಿದ್ದಳು. ಕೆತ್ತಿದ ಹೆಸರುಗಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡುತ್ತಿದ್ದಳು. ನನ್ನನ್ನು ಕಂಡು ಕಾರ್ಡು ಮುಂದೆ ಹಿಡಿದಳು.

ನಿಮ್ಮ ಮಗನ ಗೌರವಾರ್ಥ, ಅಂತ ಅಚ್ಚಾಗಿತ್ತು. ಕೆಳಗೆ ಶಾಯಿಯಲ್ಲಿ, ಶ್ರೀಮತಿ ಕೋವಾರಿಕ್.

ಆಫೀಸಿನ ಆ ದಡ್ಡಿ ಓಡೆಲ್! ಆಮಂತ್ರಣ ಯಾರಿಗೆ ಅಂತ ಕೇಳಲಿಲ್ಲ, ಪಟ್ಟಿ ನೋಡಲಿಲ್ಲ. ಆ ವರ್ಷಗಳಲ್ಲಿ ಯಾವ ಯಾವ ಮನೆಗೆ ಶವಪೆಟ್ಟಿಗೆ ಕಳಿಸಿದ್ದರೋ ಆ ಎಲ್ಲ ಮನೆಗೂ ಒಂದೊಂದು ಕಾರ್ಡು ಹಾಕಿಬಿಟ್ಟಿದ್ದಾಳೆ.

ಹರಕು ಇಂಗ್ಲಿಷು. ಎರಡು ರೈಲು ಬದಲಾಯಿಸಿ ಬಂದಿದ್ದಳು. ಎಮಿಲ್ ಹೆಸರು ಕರೆದರಾ ಅಂತ ಕೇಳಿದಳು. ಬಹಳ ಬೇಗ ಓದಿದರು, ತನಗೆ ಗೊತ್ತಾಗಲಿಲ್ಲ ಅಂದಳು.

"ಓದಕ್ಕೆ ಬರಲ್ಲ ತಾಯಿ ನಂಗೆ. ಎಲ್ಲಿದಾನೆ ಅಂತ ತೋರಿಸ್ತೀರಾ? ಒಂದು ಸಲ ಮುಟ್ಟಿ ಹೋಗ್ತೀನಿ."

ಮೇಜರ್ ಕಡೆ ತಿರುಗಿದೆ. ಹತ್ತು ಹೆಜ್ಜೆ ಆಚೆ, ಗವರ್ನರ್ ಪಕ್ಕದಲ್ಲಿದ್ದರು. ಕಾರ್ಡು ನೋಡಿದರು, ಅವಳನ್ನು ನೋಡಿದರು, ನನ್ನನ್ನೂ ನೋಡಿದರು. ಬೆನ್ನು ತಿರುಗಿಸಿದರು. ಥೂ.

ಇಲ್ಲ ಅನ್ನಬೇಕಿತ್ತು. ನಿಮ್ಮ ಮಗನ ಹೆಸರು ಇಲ್ಲ, ನನ್ನ ಮಗನದ್ದು ಹಾಕಿಸಿಕೊಳ್ಳಲು ನಿಮ್ಮವನದ್ದು ಬಿಟ್ಟುಕೊಟ್ಟೆ ಅನ್ನಬೇಕಿತ್ತು. ಅವಳ ಕೈ ಹಿಡಿದೆ. ಹಾಲು ಕರೆದು ಕರೆದು ಗಂಟು ಬಿದ್ದ ಬೆರಳು. ಹಿಗಿನ್ಸ್ ಕೆಳಗಿನ ಸಾಲಿನ ಮೇಲೆ ಇಟ್ಟೆ.

ಇಲ್ಲಿ, ಎಂದೆ.

ಒಂದೊಂದೇ ಅಕ್ಷರ ಸವರಿದಳು. ಅವಸರವಿಲ್ಲ. ಮಗು ಮಲಗಿರುವಾಗ ಕೆನ್ನೆ ಸವರಿದ ಹಾಗೆ. ನನ್ನ ಮಗನ ಹೆಸರು. ನಾನು ಇನ್ನೂ ಮುಟ್ಟಿರಲಿಲ್ಲ. ಪಕ್ಕದಲ್ಲಿ ನಿಂತು ನೋಡಿದೆ. ಬೆರಳು ತುಟಿಗೆ ಒತ್ತಿ ಮತ್ತೆ ಕಲ್ಲಿಗೆ ಒತ್ತಿದಳು, ತನ್ನ ಭಾಷೆಯಲ್ಲಿ ಅವನ ಜೊತೆ ಮಾತಾಡಿದಳು.

ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು, "ನಿಮ್ಮ ಮಗನೂ ಇದಾನಾ ಇಲ್ಲಿ?"

"ಇಲ್ಲ."

ನನ್ನ ಬಾಯಿಂದಲೇ ಬಂತು. ಅವಳ ಮುಖ ಅರಳಿತು. ನನ್ನ ತೋಳು ತಟ್ಟಿದಳು. ಒಳ್ಳೇದಾಯಿತು, ದೇವರು ಕಾಪಾಡಿದ, ಒಬ್ಬರ ಮನೆಯಲ್ಲಾದರೂ ಮಗ ಇರಲಿ ಎಂದಳು. ನನಗೋಸ್ಕರ ನಿಜವಾಗಿಯೂ ಸಂತೋಷಪಟ್ಟಳು.

ಊಟಕ್ಕೆ ಕರೆದೆ. ರೈಲು ತಪ್ಪುತ್ತದೆ ಅಂದಳು. ಒಂದು ಪೈ ಕಟ್ಟಿಕೊಟ್ಟು, ಕಾಲೇಜಿನ ಗಾಡಿಯಲ್ಲಿ ಸ್ಟೇಷನ್ನಿಗೆ ಕೂರಿಸಿದೆ. ಹತ್ತುವಾಗ ಅಂದಳು, "ಈಸ್ಟರ್‌ಗೆ ಮತ್ತೆ ಬರ್ತೀನಿ. ಮಗಳನ್ನ ಕರ್ಕೊಂಡು. ಅವಳು ಶಾಲೆಗೆ ಹೋಗ್ತಾಳೆ, ಇಂಗ್ಲಿಷ್ ಓದ್ತಾಳೆ. ಅಣ್ಣನ ಹೆಸರು ನಂಗೆ ಓದಿ ಹೇಳ್ತಾಳೆ."

ಬನ್ನಿ ಎಂದೆ.

ನಾನೂರೈವತ್ತು ಜನ ಉಂಡರು. ಗವರ್ನರ್ ಮಾಂಸ ಬಹಳ ಮೆದು ಅಂದರಂತೆ. ಮೇಜರ್ ಹೇಳಿ ಕಳಿಸಿದ್ದಾರೆ, ಧನ್ಯವಾದ ಅಂತ. ಯಾರಿಗೆ ಬೇಕು ಇವರ ಧನ್ಯವಾದ! ಅವರ ಮೇಲೆ ಉರಿದು ಏನು ಬಂತು? ಅವರು ಒಂದು ಸಾಲು ತೋರಿಸಿದರು, ಬಾಯಿ ಚಪ್ಪರಿಸಿಕೊಂಡು ತೆಗೆದುಕೊಂಡವಳು ನಾನು. ಮೂರು ವರ್ಷದಲ್ಲಿ ಯಾರಾದರೂ ಬಂದರಾ ಅಂದರು. ಬರೆಯಲು ಬಾರದವಳು ಹೇಗೆ ಬರೆದಾಳು? ಆ ನೆಲದ ಮೇಲೆ ಅವಳ ಮಗನ ಕಡೆಗೆ ನಾನು ಬೆನ್ನು ಹಾಕಿದ್ದು ಒಂದು ಸಲ. ಈ ಅಡುಗೆಮನೆಯಲ್ಲಿ ಇನ್ನೊಂದು ಸಲ.

ಈಸ್ಟರ್‌ಗೆ ಐದು ತಿಂಗಳು. ಆ ಹುಡುಗಿ ಗೋಡೆಯ ಮುಂದೆ ನಿಂತು ಓದುತ್ತಾಳೆ. ಹೋವ್ಲಾಂಡ್ ಅಂತ ಓದುತ್ತಾಳೆ. ತಾಯಿಯ ಮುಖ ನೋಡುತ್ತಾಳೆ.

ಮೇಜರ್ ಮನೆ ಮೈದಾನದಾಚೆ. ಇನ್ನೂ ಊಟಕ್ಕೆ ಕೂತಿರಬಹುದು. ಕೂತೇ ಕೇಳಲಿ. ಮೂರೂ ಹೆಸರು, ಈಸ್ಟರ್ ಒಳಗೆ. ಆಗುವುದಿಲ್ಲ ಅಂದರೆ ನನ್ನ ಮಗನದ್ದನ್ನೂ ನಾನೇ ನನ್ನ ಕೈಯಾರೆ ಕೆತ್ತಿ ತೆಗೆಯುತ್ತೇನೆ. ಹೊರಟೆ.