ಬಿಟ್ಟುಹೋದ ಒಂದು ಪದ

ನವೆಂಬರ್ ೧೮, ಮಂಗಳವಾರ. ತಾಂಪೆರೆ.

ಇವತ್ತು ಅಣ್ಣನ ರಕ್ತ ಹರಿಸಿದೆ.

ನಾಳೆ ಬೆಳಿಗ್ಗೆ ಮತ್ತೆ ನೆಟ್‌ವರ್ಕ್ ಪರೀಕ್ಷೆ, ನಾಲ್ಕನೆಯ ಸಲ. ಈ ಸಲವೂ ಫೇಲಾದರೆ ಕೆಲಸ ಹೋಗುತ್ತದೆ, ಆಫೀಸಿನಲ್ಲಿ ಹೇಳಿಯಾಗಿದೆ. ಸಂಜೆ ತೈಸ್ತೊ ಅಣ್ಣ ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರುಗಳನ್ನು ಜೋಡಿಸುವ ಹಳೆಯ ಸ್ವಿಚ್ ಪೆಟ್ಟಿಗೆ ಇಟ್ಟು ಅಭ್ಯಾಸ ಮಾಡಿಸುತ್ತಿದ್ದ. ಅದರ ಮೂಲಕ ಹಾಯುವ ಜಾಲಗಳಿಗೆ ಹೊಸದೊಂದನ್ನು ಕೂಡಿಸಬೇಕಿತ್ತು. ಆಜ್ಞೆಯಲ್ಲಿ ‘ಆಡ್’, ಅಂದರೆ ‘ಕೂಡಿಸು’, ಎಂಬ ಪದ ಬಿಟ್ಟೆ. ಅದಿಲ್ಲದಿದ್ದರೆ ಹೊಸದೊಂದೇ ಉಳಿದು ಹಳೆಯವೆಲ್ಲ ಕಡಿದುಹೋಗುತ್ತವೆ. ಹೋದ ಸಲ ಫೇಲಾಗಿದ್ದೂ ಇದರಿಂದಲೇ.

"ಭೇಷ್! ಇಡೀ ಆಫೀಸನ್ನೇ ಸಾಯಿಸ್ದೆ," ಎಂದು ನಕ್ಕ. "ಅಲ್ವೇ ಪುಟ್ಟಿ, ಕವಿತೇಲಿ ಅಲ್ಪವಿರಾಮ ಬಿಟ್ಟೋದ್ರೆ ಅಳ್ತಿದ್ದೋಳು ನೀನು!"

ಸ್ವಿಚ್ಚನ್ನು ವೈರುಗಳ ಸಮೇತ ಕಿತ್ತು ಅವನ ಮುಖಕ್ಕೆ ಎಸೆದೆ. ಅದರ ಮೂಲೆ ಹುಬ್ಬನ್ನು ಸೀಳಿತು. ರೈ ಬ್ರೆಡ್ಡಿನ ಮೇಲೆ ರಕ್ತ ತೊಟ್ಟಿಕ್ಕಿತು. ಅಷ್ಟಾದರೂ ಸಿಟ್ಟು ಇಳಿಯಲಿಲ್ಲ. ನೆಲಕ್ಕೆ ಬಿದ್ದ ಸ್ವಿಚ್ಚನ್ನು ಕಬ್ಬಿಣದ ಬಾಣಲೆಯಿಂದ ಜಜ್ಜಿದೆ, ಅದರ ಹೊಟ್ಟೆ ಒಡೆಯುವವರೆಗೆ. ಅಂಗಡಿಯಲ್ಲಿ ಚಿಲ್ಲರೆ ಕೇಳಲೂ ನಾಚುವ ನಾನು.

ಅಣ್ಣ ಫ್ರೀಜರಿನ ಬ್ಲೂಬೆರಿ ಚೀಲವನ್ನು ಹುಬ್ಬಿಗೆ ಒತ್ತಿಕೊಂಡು ಕುಳಿತ.

"ಯಾವ ಪದವೇ ಅದು?"

"ಆಡ್."

"ಜೋರಾಗಿ ಹೇಳು."

ಕಿರುಚಿದೆ. ಪಕ್ಕದ ಮನೆಯವರು ಗೋಡೆ ಗುದ್ದಿದರು.

"ಹಾಂ. ನಾಳೆ ಮರೀಬೇಡ. ನಂಗಿರೋದು ಇನ್ನೊಂದೇ ಹುಬ್ಬು."

ನನಗೆ ನಗು ಬರಲಿಲ್ಲ. ಕ್ಷಮೆ ಕೇಳದೆಯೇ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ಈಗ ಗೋಡೆಯಾಚೆ ಅವನು ನರಳುತ್ತಿದ್ದಾನೆ. ನಾಳೆ ಪಾಸಾಗಬಹುದು, ಆ ಪದ ಇನ್ನು ಬಿಟ್ಟುಹೋಗುವುದಿಲ್ಲ. ಆದರೆ ಅದನ್ನು ಬರೆಯುವಾಗಲೆಲ್ಲ ಆ ಬ್ರೆಡ್ಡು, ಆ ರಕ್ತ ಕಣ್ಣ ಮುಂದೆ ಬರುತ್ತವೆ.